ಹೊಟ್ಟಿನ ಪೆಟ್ಟಿಗೆಯ ಲತಾಮಣಿಯವರು

ಒಲೆ ಹಚ್ಚುವುದನ್ನು ಎಲ್ಲರೂ ಕಲಿಸುತ್ತಾರೆ. ಅದನ್ನು ಹೊತ್ತಿಗೆ ಸರಿಯಾಗಿ ಆರಿಸುವುದೂ ಒಂದು ವಿದ್ಯೆಯೆಂದು ರಾಮನಗರ ಸೀಮೆಯ ಹೆಂಗಸರಿಗೆ ತೋರಿಸಿಕೊಟ್ಟವರು ಶ್ರೀಮತಿ ಲತಾಮಣಿಯವರು. ಇಂಧನ ಉಳಿತಾಯವೆಂದರೆ ದೊಡ್ಡ ಯಂತ್ರಗಳ ಮಾತಾಡುವವರ ನಡುವೆ, ಹುರುಳಿಯನ್ನು ನೆನೆಹಾಕಿ, ಪಾತ್ರೆಗೆ ಮುಚ್ಚಳ ಹಾಕಿ, ಕುದಿ ಬಂದೊಡನೆ ಉರಿ ತಗ್ಗಿಸಿ ಎಂದು ಮೂವತ್ತೊಂದು ವರ್ಷ ಬೇಸರವಿಲ್ಲದೆ ಹೇಳುತ್ತಲೇ ಬಂದವರು ಅವರು. ನೆಂಟರ ಮನೆಗೆ ಹೋದರೂ ಕುಳಿತುಕೊಳ್ಳುವ ಮೊದಲು ಯಾರೂ ಇಲ್ಲದ ಕೋಣೆಯ ಫ್ಯಾನು ಆರಿಸಿಯೇ ಕುಳಿತುಕೊಳ್ಳುತ್ತಿದ್ದರೆಂಬ ದೂರು ಅವರ ಮೇಲೆ ಇಂದಿಗೂ ಇದೆ.

ವಿರೂಪಾಕ್ಷಿಪುರದ ಒಕ್ಕಲು ಮನೆಯ ಮಗಳಾದ ಅವರು ಗೃಹವಿಜ್ಞಾನ ಓದಿ, ವಿಸ್ತರಣಾ ಕಾರ್ಯಕರ್ತೆಯಾಗಿ ಮೊದಲು ಮಾಗಡಿಯಲ್ಲಿ, ಆಮೇಲೆ ಚನ್ನಪಟ್ಟಣದಲ್ಲಿ ದುಡಿದರು. ಅಕ್ಕೂರಿನ ಸರಸಮ್ಮನವರ ಕಣ್ಣು ಹೊಗೆಗೆ ಕೆಂಪಾಗಿರುವುದನ್ನು ಕಂಡು, ಮೂರು ಭಾನುವಾರ ತಮ್ಮ ಕೈಯಾರೆ ಮಣ್ಣು ಕಲಸಿ ಅವರ ಒಲೆಯ ಬಾಯಿ ಕಿರಿದು ಮಾಡಿಕೊಟ್ಟರು. ಅದು ಯಾವ ವರದಿಯಲ್ಲಿಯೂ ಸೇರಲಿಲ್ಲ.

ಚನ್ನಪಟ್ಟಣದಲ್ಲಿ ಅವರಿಗೆ ಹಮೀದಾ ಸಿಕ್ಕರು. ಹಮೀದಾರವರ ಯಜಮಾನರು ಗಫಾರ್ ಸಾಹೇಬರು ಬೊಂಬೆ ಕಡೆಯುವವರು. ಅಂಗಳದ ತುಂಬ ಮರದ ಹೊಟ್ಟು. ಕುದಿಯುವ ಪಾತ್ರೆಯನ್ನು ಪೆಟ್ಟಿಗೆಯೊಳಗೆ ಹುಲ್ಲಿನಲ್ಲಿ ಹುದುಗಿಸಿಟ್ಟರೆ ಬೆಂಕಿಯಿಲ್ಲದೆಯೇ ಅನ್ನ ಬೇಯುತ್ತದೆಂದು ಲತಾಮಣಿಯವರು ವಿವರಿಸಿದಾಗ ಹಮೀದಾ ನಕ್ಕು, "ಹುಲ್ಲು ಯಾಕಕ್ಕ? ನಮ್ಮ್ ಹೊಟ್ಟು ಐತಲ್ಲ, ಇದಕ್ಕಿಂತ ಬೆಚ್ಚಗೆ ಇನ್ನೇನ್ ಬೇಕು?" ಎಂದರು. ಹೀಗೆ ಹುಟ್ಟಿತು ಹೊಟ್ಟಿನ ಪೆಟ್ಟಿಗೆ. ನಾಲ್ಕು ವರ್ಷ ಇಬ್ಬರೂ ಊರೂರು ತಿರುಗಿದರು, ಒಂದೇ ಪೆಟ್ಟಿಗೆಯ ಅವರೆಕಾಳು ಸಾರು ಉಂಡರು. ಅಷ್ಟು ಸುಖದ ದಿನಗಳು ತಮಗೆ ಮತ್ತೆ ಬರಲಿಲ್ಲವೆಂದು ಲತಾಮಣಿಯವರೇ ಹೇಳಿಕೊಳ್ಳುತ್ತಾರೆ.

ಇಂಥ ಅಭಿನಂದನ ಗ್ರಂಥದಲ್ಲಿ ತಪ್ಪುಗಳನ್ನು ಬರೆಯುವ ವಾಡಿಕೆಯಿಲ್ಲ. ಆದರೆ ತಮ್ಮ ಒಂದು ತಪ್ಪಿನ ವಿಷಯದಲ್ಲಿ ಲತಾಮಣಿಯವರು ಹಟ ಹಿಡಿದರು: "ಅದನ್ನ ಬುಟ್ಟು ಬರೆಯೋದಾದ್ರೆ ನನ್ನ ಬಗ್ಗೆ ಬರೀಲೇಬ್ಯಾಡಿ." ಆದ್ದರಿಂದ ಬರೆಯಬೇಕಾಗಿದೆ.

ಹನ್ನೊಂದು ವರ್ಷದ ಹಿಂದೆ ಮೇಲಧಿಕಾರಿಯೊಬ್ಬರು ಬೈರಾಪಟ್ಟಣಕ್ಕೆ ಪ್ರಾತ್ಯಕ್ಷಿಕೆ ನೋಡಲು ಬರುವವರಿದ್ದರು. ಗಡಿಬಿಡಿಯಲ್ಲಿ ಲತಾಮಣಿಯವರು ಹಮೀದಾರವರ ಅಂಗಳದಲ್ಲಿದ್ದ ಮೂಟೆಗೆ ಕೈಹಾಕಿದರು. "ಅದು ಬ್ಯಾಡಕ್ಕ, ಬಣ್ಣ ಕೆಟ್ಟ ಬೊಂಬೆ ಮತ್ತೆ ಕಡೆದ ಹೊಟ್ಟು ಅದು, ಬಣ್ಣದ ಅರಗು ಐತೆ. ಬಿಳೀದು ಒಣಗ್ತಾ ಐತೆ, ಒಸಿ ತಡೀರಿ" ಎಂದರು ಹಮೀದಾ. ಲತಾಮಣಿಯವರು ತಡೆಯಲಿಲ್ಲ. ಊರ ಹೆಂಗಸರೆಲ್ಲ ನೆರೆದಿದ್ದಾಗ ಪೆಟ್ಟಿಗೆ ತೆರೆದರೆ, ಬಿಸಿಗೆ ಅರಗು ಕರಗಿ ಪಾತ್ರೆಗೆ ಮೆತ್ತಿಕೊಂಡಿತ್ತು. ಕೆಂಪು ಹಳದಿ ಬಣ್ಣ ಬಳಿದ ಸಾರಿನ ಪಾತ್ರೆಯನ್ನು ಕಂಡು ಎಲ್ಲರೂ ಗೊಳ್ಳೆಂದು ನಕ್ಕರು. ಅಧಿಕಾರಿ ಹುಬ್ಬು ಗಂಟಿಕ್ಕಿದರು. ಲತಾಮಣಿಯವರು ಹಮೀದಾರತ್ತ ಬೆರಳು ತೋರಿಸಿ, "ಹೊಟ್ಟು ಕೊಟ್ಟಿದ್ದು ಇವ್ರು ಸಾರ್" ಎಂದುಬಿಟ್ಟರು.

ಹಮೀದಾ ಪಾತ್ರೆ ಕೆರೆದು ತೊಳೆದಿಟ್ಟು, ಸೆರಗು ಸರಿಮಾಡಿಕೊಂಡು ನಡೆದುಹೋದರು. ಮಾರನೆಯ ತಿಂಗಳೇ ಲತಾಮಣಿಯವರಿಗೆ ಕನಕಪುರಕ್ಕೆ ವರ್ಗವಾಯಿತು.

ಕನಕಪುರದಲ್ಲಿ ಅವರ ಕೀರ್ತಿ ಬೆಳೆಯಿತು. ಇಸ್ತ್ರಿಯನ್ನು ವಾರಕ್ಕೊಮ್ಮೆ ಒಟ್ಟಿಗೆ ಮಾಡುವುದರಿಂದ ಹಿಡಿದು ಫ್ರಿಜ್ಜಿನ ಹಿಂದೆ ಗಾಳಿಯಾಡಲು ಗೇಣು ಜಾಗ ಬಿಡುವುದರ ತನಕ ಅವರು ಹೇಳಿದ್ದನ್ನು ನೂರಾರು ಮನೆಗಳು ಪಾಲಿಸಿದವು. ಸನ್ಮಾನಗಳಾದವು, ಶಾಲುಗಳು ಬಂದವು. ಪ್ರತಿ ಸಭೆಯಲ್ಲಿಯೂ ಅವರ ಕಣ್ಣು ಹೆಂಗಸರ ಸಾಲಿನಲ್ಲಿ ಒಬ್ಬರನ್ನು ಹುಡುಕುತ್ತಿತ್ತು. ಚನ್ನಪಟ್ಟಣಕ್ಕೆ ಎಷ್ಟೋ ಸಲ ಕೆಲಸದ ಮೇಲೆ ಹೋದರು. ಬೊಂಬೆಯವರ ಬೀದಿಯ ತಿರುವಿನವರೆಗೂ ನಡೆದು, ಬೊಂಬೆ ಕಡೆಯುವ ಲೇತಿನ ಸದ್ದು ಕೇಳಿ, ಹಿಂದಿರುಗಿದರು. ಹೋಗಿ ಕ್ಷಮೆ ಕೇಳಲು ಹನ್ನೊಂದು ವರ್ಷ ಬೇಕೇ ಎಂದು ಕೇಳುವುದು ಸುಲಭ. ಬಾಗಿಲು ತೆರೆದ ಹಮೀದಾ ಗುರುತು ಸಿಗದವರಂತೆ ನಿಂತುಬಿಟ್ಟರೆ ಎಂಬ ಒಂದೇ ಭಯ ಅವರ ಕಾಲನ್ನು ಕಟ್ಟಿಹಾಕಿತ್ತು.

ಈ ಗ್ರಂಥಕ್ಕೆ ಯಾರಿಂದ ಬರೆಸೋಣವೆಂದು ಸಮಿತಿ ಕೇಳಿದಾಗ ಲತಾಮಣಿಯವರು ಚೀಟಿಯಲ್ಲಿ ಒಂದೇ ಹೆಸರು ಬರೆದುಕೊಟ್ಟರು. ಸಮಿತಿಯವರು ಹಮೀದಾರವರ ಮನೆಗೆ ಹೋದರು. ಗಫಾರ್ ಸಾಹೇಬರು ಕುರ್ಚಿ ಹಾಕಿದರು. ಹಮೀದಾ ಚೀಟಿಯನ್ನು ಓದಿ, ಮಡಿಸಿ ಹಿಂದಕ್ಕೆ ಕೊಟ್ಟು ಅಂದರು: "ನಾನ್ ಬರ್ಕೊಡೋದು ಏನೈತೆ? ಹನ್ನೊಂದು ವರ್ಸ ಆಯ್ತು, ಅಕ್ಕ ಒಂದ್ ದಿನಾನೂ ಈ ಬಾಗ್ಲಿಗೆ ಬರ್ಲಿಲ್ಲ. ಬೈಯೋಕಾದ್ರೂ ಎದುರ್ಗಡೆ ಇರ್ಬೇಕಲ್ವಾ?" ಅಷ್ಟು ಹೇಳಿ ಕಣ್ಣೊರೆಸಿಕೊಂಡು ಒಳಗೆ ಹೋದರು.

ಈ ಮಾತನ್ನು ಸಮಿತಿ ಲತಾಮಣಿಯವರಿಗೆ ಇನ್ನೂ ತಿಳಿಸಿಲ್ಲ. ಅವರು ಅದನ್ನು ಮೊದಲ ಬಾರಿಗೆ ಓದುತ್ತಿರುವುದು ಇಲ್ಲಿಯೇ. ಅವರಿಗೆ ತುಂಬು ಆಯುಷ್ಯವೂ ಗಟ್ಟಿ ಆರೋಗ್ಯವೂ ದೊರೆಯಲಿ, ಮಾಡಬೇಕಾದ ಕೆಲಸಗಳೆಲ್ಲ ಅವರ ಕೈಯಿಂದಲೇ ಆಗಲಿ. ಸದ್ಯಕ್ಕೆ ಗ್ರಂಥವನ್ನು ಇಲ್ಲಿಗೇ ಮುಚ್ಚಿಟ್ಟು ಅವರು ಚನ್ನಪಟ್ಟಣಕ್ಕೆ ಹೊರಡಲಿ. ಉಳಿದ ಲೇಖನಗಳು ಎಲ್ಲಿಗೂ ಓಡಿಹೋಗುವುದಿಲ್ಲ.