ಕ್ಯಾಸಿನೊ ಮೇಲಿನ ಖೋಲಿ

ನನ್ನ ಅಳಿಯಂದಿರ ಕುತ್ತಿಗೆಯ ಹಿಂದೆ, ಅಂಗಿಯ ಕಾಲರಿಗೆ ತಾಗಿಕೊಂಡಂತೆ, ಹುಣಸೆಬೀಜದಷ್ಟು ದೊಡ್ಡ ಕರಿ ಮಚ್ಚೆ ಇತ್ತು. ಮುಖಕ್ಕಿಂತ ಅದೇ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಮುಂದೆ ಕೂರುವುದಿಲ್ಲ, ಎದುರು ನಿಂತು ಮಾತಾಡುವುದಿಲ್ಲ. ಅವರು ಬಂದರೆ ನಾನು ಸೆರಗು ಹೊದ್ದು ಒಳಗೆ ಹೋಗಬೇಕು. ನಾನಿದ್ದಲ್ಲಿಂದ ಅವರು ಬೆನ್ನು ತಿರುಗಿಸಿ ಹೊರಡಬೇಕು. ಧಾರವಾಡದ ಮನೆಯಲ್ಲಿ ಇದೇನೂ ಕಷ್ಟವಲ್ಲ. ನಡುವೆ ಪಡಸಾಲೆ ಇದೆ, ಅಡುಗೆಮನೆ ಇದೆ, ಹಿತ್ತಲಿದೆ. ಜರ್ಮನಿಯಲ್ಲಿ ನಮಗೆ ಇದ್ದದ್ದು ಒಂದೇ ಖೋಲಿ.

ಗ್ರೀನ್ ಕಾರ್ಡ್ ಕೊಡುತ್ತಾರಂತೆ ಎಂದು ಕಂಪ್ಯೂಟರ್ ಕಲಿತವರೆಲ್ಲ ಜರ್ಮನಿಗೆ ಹೊರಟ ಕಾಲ ಅದು. ನಾನು ಮಗಳ ಬಾಣಂತನಕ್ಕೆಂದು ಸ್ಟುಟ್‌ಗಾರ್ಟ್‌ಗೆ ಹೋದೆ. ಹೋಗುವಷ್ಟರಲ್ಲಿ ಅಳಿಯಂದಿರ ಕಂಪನಿ ಮುಚ್ಚಿತ್ತು, ಕಂಪನಿ ಕೊಟ್ಟ ಮನೆಯೂ ಹೋಗಿತ್ತು. ಕೆಲಸ ಇಲ್ಲದವರಿಗೆ ಬಾಡಿಗೆ ಮನೆ ಯಾರು ಕೊಡುತ್ತಾರೆ? ಸಿಕ್ಕಿದ್ದು ಊರಾಚೆಯ ಒಂದು ಹೋಟೆಲು. ಕೆಳಗೆ ಜೂಜಿನ ಯಂತ್ರಗಳ ಕ್ಯಾಸಿನೊ, ಮೇಲೆ ಖೋಲಿಗಳು. ಜೂಜಾಡುವವರಿಗೆ ನಿದ್ದೆ ಬೇಡ, ಖೋಲಿಗಳು ಖಾಲಿ ಬೀಳುತ್ತವೆ, ಅದಕ್ಕೇ ಅಗ್ಗ. ವೀಸಾ ಮುಗಿಯುವುದರೊಳಗೆ ಅಳಿಯಂದಿರು ಇನ್ನೊಂದು ಕೆಲಸ ಹಿಡಿಯಬೇಕಿತ್ತು. ಇಲ್ಲದಿದ್ದರೆ ಎಲ್ಲರೂ ಗಂಟು ಕಟ್ಟಬೇಕಿತ್ತು.

ನನ್ನಿಂದಾಗಿ ಆ ಮನುಷ್ಯ ತನ್ನ ಖೋಲಿಯಲ್ಲಿ ತಾನೇ ಕಳ್ಳನ ಹಾಗಿದ್ದರು. ನಾವು ದೀಪ ಆರಿಸಿದ ಮೇಲೆ ಬಂದು ಬಾಗಿಲ ಬಳಿ ಹಾಸಿಕೊಳ್ಳುವರು. ನಾವು ಏಳುವ ಮೊದಲೇ ಚಾದರ ಮಡಚಿಟ್ಟು ಹೋಗಿಯಾಗಿರುತ್ತಿತ್ತು. ಬಾಣಂತಿಗೆ ಬೆಳ್ಳುಳ್ಳಿ, ಸಬ್ಬಸಿಗೆ, ಹಾಲು ಏನು ತಂದರೂ ಹೊಸ್ತಿಲಾಚೆ ಇಟ್ಟು ಬಾಗಿಲು ತಟ್ಟಿ ಸರಿದುಬಿಡುವರು. ಹೋಟೆಲಿನ ಹೆಂಗಸು ಇದನ್ನು ನೋಡಿ ನೋಡಿ, ನಿನ್ನ ಗಂಡ ನಿನ್ನನ್ನು ಬಿಟ್ಟಿದ್ದಾನೆಯೇ ಎಂದು ನನ್ನ ಮಗಳನ್ನು ಕೇಳಿದ್ದಳು. ಮಗಳು ನಕ್ಕಳು. ಆ ಖೋಲಿಯಲ್ಲಿ ಅವಳು ನಕ್ಕದ್ದು ಅದೊಂದೇ ಸಲವಿರಬೇಕು.

ಹೊರಗೆ ಹಿಮ. ಕೆಲಸ ಕೇಳಲು ಹೋಗದ ಹೊತ್ತಿನಲ್ಲಿ ಅವರಿಗೆ ಇದ್ದ ಬೆಚ್ಚಗಿನ ಜಾಗ ಎಂದರೆ ಕೆಳಗಿನ ಕ್ಯಾಸಿನೊ. ಅಲ್ಲಿ ಕಾಫಿ ಪುಕ್ಕಟೆ. ಆದರೆ ಸುಮ್ಮನೆ ಕೂರಗೊಡುವುದಿಲ್ಲ, ಆಗಾಗ ಯಂತ್ರಕ್ಕೆ ಒಂದು ನಾಣ್ಯ ಹಾಕಬೇಕು. ದಿನಾ ಬಾಗಿಲಾಚೆಯಿಂದ ಮಗಳಿಗೆ ಅದೇ ಮಾತು ಹೇಳುತ್ತಿದ್ದರು: "ಅತ್ತಿಯವರಿಗೆ ಆರಾಮ ಮಲಕೊಳ್ರಿ ಅನ್ನು. ನಾ ಕೆಳಗ ಇರ್ತೀನಿ." ಆಮೇಲೆ ಯಂತ್ರದ ಮುಂದಿನ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಪೇಪರು ಹರಡಿಕೊಂಡು ಕೆಲಸದ ಜಾಹೀರಾತು ಓದುತ್ತಿದ್ದರು.

ಅವರ ಜೊತೆ ಹುಬ್ಬಳ್ಳಿಯಲ್ಲಿ ಓದಿದ ಗೆಳೆಯನೊಬ್ಬ ಅಲ್ಲೇ ಹತ್ತಿರದ ಫೊಯರ್‌ಬಾಕ್‌ನ ಕಾರ್ಖಾನೆಯಲ್ಲಿದ್ದ. ತನ್ನ ಮೇಲಿನವರಿಗೆ ಹೇಳಿ ಕೆಲಸ ಕೊಡಿಸುತ್ತೇನೆ ಎಂದಿದ್ದ. ನಾವು ದಿನಾ ಅವನ ಫೋನಿಗೆ ಕಾದೆವು. ಬರಲಿಲ್ಲ. ಕೊನೆಗೆ ಮಗಳೇ ಹಚ್ಚಿದಳು. ಎತ್ತಿಕೊಂಡವಳು ಅವನ ಹೆಂಡತಿ.

"ಅವತ್ತ ಕೂಸು ನೋಡಾಕಂತ ನಮ್ಮನಿಯವರು ನಿಮ್ಮ ಹೋಟೆಲಿಗೆ ಬಂದಿದ್ರು," ಎಂದಳಂತೆ. "ಮ್ಯಾಲೆ ಹೆಂಡ್ತಿ ಬಾಣಂತಿ, ಇವರು ಕೆಳಗ ಜೂಜಾಡಾಕ ಕುಂತಿದ್ರಂತ. ಕಿಡಕಿ ಕಾಜಿನ್ಯಾಗಿಂದ ನೋಡಿ ಹಂಗ ಹೊಳ್ಳಿ ಬಂದ್ರು. ಇಂಥವರ ಹೆಸರು ಹೆಂಗ ಹೇಳ್ಲಿ ಅಂತಾರ."

ಹೋಗಿ ನಿಜ ಹೇಳಿ ಬನ್ನಿ ಎಂದು ಮಗಳು ಗಂಡನಿಗೆ ಅಂಗಲಾಚಿದಳು. ಅವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು.

"ಏನಂತ ಹೇಳ್ಲಿ? ಅತ್ತಿಯವರನ್ನ ಕರಕೊಂಡು ಒಂದ ಖೋಲ್ಯಾಗ ಬಿದ್ದೀವಿ ಅಂತ ಹೇಳ್ಲೇನು? ಅದಕ್ಕಿಂತ ಜೂಜುಕೋರ ಅನಿಸ್ಕೊಳ್ಳೋದ ಪಾಡು."

ಇಷ್ಟು ಹೇಳಿ ಹೊರಗೆ ಹೋದರು. ಮಾನ ಕಟ್ಟಿಕೊಂಡು ಏನು ಮಾಡುವುದು, ಕೂಸಿಗೆ ಹಾಲು ಬರುತ್ತದೆಯೇ ಎಂದು ನನಗೆ ಸಿಟ್ಟು ಬಂತು. ಮಗಳಿಂದ ಮತ್ತೆ ಫೋನು ಹಚ್ಚಿಸಿ ಗೆಳೆಯನನ್ನೇ ಮಾತಿಗೆ ಕರೆಸಿದೆ. ಎಲ್ಲ ಹೇಳಿದೆ. ಪಾಪ, ಮರ್ಯಾದೆಯಿಂದ ಕೇಳಿಸಿಕೊಂಡ.

"ಜಾಗಾ ಇದ್ದಿಲ್ಲಂದ್ರ ನಮ್ಮನಿಗೆ ಬರಬೇಕಿತ್ತಲ್ರೀ ಅವ್ವಾ," ಎಂದ. "ಈಗ ನಾ ಬ್ಯಾರೆಯವರ ಹೆಸರು ಕೊಟ್ಟೀನಿ."

ಬಾ ಎಂದು ಕರೆಯಬೇಕಾಗಿದ್ದಾಗ ಕರೆಯಲಿಲ್ಲ, ಬರುವ ಹಾಗಿಲ್ಲದಾಗ ಕರೆದ. ಫೋನು ಇಟ್ಟು ತಿರುಗಿದರೆ ಅಳಿಯಂದಿರು ಬಾಗಿಲಲ್ಲಿ ನಿಂತಿದ್ದರು. ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. "ನೀವು ಬೇಡಬಾರದಾಗಿತ್ರಿ," ಎಂದರು. ಆಮೇಲೆ ಮೆಟ್ಟಿಲಿಳಿದು ಕೆಳಗೇ ಹೋದರು. ಬೇರೆ ಎಲ್ಲಿಗೆ ಹೋಗಬೇಕು?

ಕೆಲಸ ಸಿಗಲಿಲ್ಲ, ವೀಸಾ ಮುಗಿಯಿತು. ನಾವು ಧಾರವಾಡ ಮುಟ್ಟುವ ಮೊದಲೇ ಜೂಜಿನ ಸುದ್ದಿ ಮುಟ್ಟಿತ್ತು. ಅವರು ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗರಿಗೆ ಕಲಿಸುತ್ತ ಉಳಿದರು. ಮದುವೆ ಮನೆಗಳಲ್ಲಿ ಗಂಡಸರು ಇಸ್ಪೀಟು ಎಲೆಯಾಟಕ್ಕೆ ಕೂತರೆ, "ಬಾರಪಾ, ಜರ್ಮನ್ಯಾಗ ಆಡಿ ಬಂದಾಂವ ನೀ, ನಮಗೂ ಒಂದಿಷ್ಟು ಕಲಸು," ಎಂದು ಕರೆಯುವರು. ಇವರು ಒಮ್ಮೆಯೂ ತಿರುಗಿ ಮಾತಾಡಲಿಲ್ಲ. ನಾನು ಒಬ್ಬೊಬ್ಬರಿಗೂ ನಿಜ ಹೇಳಿದೆ. ಅತ್ತೆ ಅಳಿಯನ ಪರ ಮಾತಾಡಿದರೆ ಜನ ನಗುತ್ತಾರೆ, ಅಷ್ಟೇ. ಐವತ್ತು ತುಂಬುವ ಮೊದಲೇ, ಕ್ಲಾಸಿಗೆ ಹೊರಟವರು ಬಸ್‌ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಹೆಣದ ಮುಂದೆಯೂ ಯಾರೋ ಪಿಸುಗುಟ್ಟಿದರು, ಜೂಜು ತಿಂದುಬಿಟ್ಟಿತು ಎಂದು.

ಆ ಖೋಲಿಯಲ್ಲಿ ನಾನು ಎಣ್ಣೆ ಹಚ್ಚಿ ಎರೆದ ಕೂಸು ಈಗ ಮದುವೆಗೆ ಬಂದಿದ್ದಾಳೆ. ನೋಡಲು ಬಂದ ಬೀಗರು ಅಪ್ಪನ ವಿಷಯ ಎತ್ತಿ ಎದ್ದುಹೋದರು. ಅವತ್ತು ನಾನು ಅವಳನ್ನು ಕೂರಿಸಿಕೊಂಡು ಇದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅವಳು ಎಲ್ಲ ಕೇಳಿ ನನ್ನ ಕೈ ಸವರಿದಳು.

"ಇರಲಿ ಬಿಡು ಆಯೀ. ಸತ್ತವರ ಬಗ್ಗೆ ಚಲೋದ ಹೇಳಬೇಕಲ್ಲ."

ಸತ್ತವರ ಬಗ್ಗೆ ಚಲೋದು ಹೇಳುವವಳಲ್ಲ ನಾನು. ನನ್ನ ಗಂಡ ಸತ್ತು ಇಷ್ಟು ವರ್ಷವಾಯಿತು, ಅವನ ಬಗ್ಗೆ ಇವತ್ತಿಗೂ ಒಂದು ಒಳ್ಳೆಯ ಮಾತು ನನ್ನ ಬಾಯಿಂದ ಬಂದಿಲ್ಲ. ಅದನ್ನಾದರೂ ನೋಡಿ ಹುಡುಗಿ ನಂಬಬಹುದಾಗಿತ್ತು.