ವೇದಿಕೆಗೆ ಬೆನ್ನು ಮಾಡಿ ನಿಂತವನು

ಏಳನೇ ಕ್ಲಾಸಿನಿಂದ ಯಾವ ರಾಕ್ ಬ್ಯಾಂಡಿಗಾಗಿ ಪ್ರಾಣ ಬಿಡುತ್ತಿದ್ದನೋ, ಅದರಿಂದ ಹತ್ತೇ ಅಡಿ ದೂರದಲ್ಲಿ ನಿಲ್ಲುವ ಭಾಗ್ಯ ಅವನಿಗೆ ಕೊನೆಗೂ ಬಂತು. ಬಂದದ್ದು ಹೀಗೆ: ಬೆನ್ನು ಅವರ ಕಡೆಗೆ, ಮುಖ ಜನರ ಕಡೆಗೆ, ಎರಡೂ ಕಿವಿಗೆ ಕಂಪನಿ ಕೊಟ್ಟ ಹಳದಿ ಬಿರಡೆ.

ಕೆಲಸ ಸೆಕ್ಯುರಿಟಿಯದು. ಉದ್ದಕ್ಕೆ ಬೆಳೆದು ಅಲ್ಲಾಡದೆ ನಿಲ್ಲುವುದೊಂದೇ ಕಲಿತ ವಿದ್ಯೆಯಾದ್ದರಿಂದ ಎಲ್ಲರೂ ಅವನನ್ನು ಕಂಬ ಅನ್ನುತ್ತಿದ್ದರು. ವಾರವಿಡೀ ಬಟ್ಟೆಯಂಗಡಿಯ ಬಾಗಿಲಲ್ಲಿ ನಿಂತು ಜನರ ಚೀಲ ಇಣುಕುವುದು ಅವನ ದಿನಚರಿ. ಈ ಕಾರ್ಯಕ್ರಮಕ್ಕೆ ಆಳು ಬೇಕೆಂದಾಗ, ಪುಕ್ಕಟೆ ನೋಡಬಹುದೆಂದು ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ. ಮಹಾ ಬುದ್ಧಿವಂತ.

ಮಧ್ಯಾಹ್ನ ಸೂಪರ್‌ವೈಸರ್ ಎಲ್ಲರನ್ನೂ ಕಬ್ಬಿಣದ ಬೇಲಿಯ ಒಳಗೆ ಸಾಲಾಗಿ ನಿಲ್ಲಿಸಿದರು. "ಕಣ್ಣು ಜನರ ಮೇಲೇ ಇರ್ಬೇಕು. ಮುಂದಿನ ಸಾಲಲ್ಲಿ ಒಂದು ತಲೆ ಕಾಣ್ಲಿಲ್ಲ ಅಂದ್ರೂ ತಕ್ಷಣ ಮೇಲೆತ್ತಿ. ಹಿಂದೆ ತಿರುಗಿದೋನು ನಾಳೆಯಿಂದ ಮನೇಲೇ ತಿರುಗ್ತಾ ಇರ್ಬಹುದು."

"ಸರ್, ಒಂದೇ ಒಂದ್ಸಲ..."

"ಏನೋ, ಕಂಬಕ್ಕೆ ಎಲ್ಲಾದ್ರೂ ಕತ್ತು ಇರುತ್ತೇನೋ?"

ಎಲ್ಲರೂ ನಕ್ಕರು. ಅವನೂ ನಕ್ಕ.

ಉಪಾಯ ಹುಡುಕಿದವಳು ಅಕ್ಕ. ಅವನಿಗೆ ಈ ಹುಚ್ಚು ಹತ್ತಿಸಿದವಳೂ ಅವಳೇ. ಈಗಲೂ ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಆ ಬ್ಯಾಂಡಿನ ತಾಳಕ್ಕೇ ಬಟ್ಟೆ ಓಡಿಸುತ್ತಾಳೆ. ಟಿಕೆಟ್ ಕೊಂಡು, ಗೇಟು ತೆರೆಯುವ ಮೊದಲೇ ಬಂದು, ಓಡಿ ಸರಿಯಾಗಿ ಅವನೆದುರಿಗೇ ಬೇಲಿ ಹಿಡಿದಳು.

"ಲೋ, ಮೂತಿ ಸರಿ ಮಾಡ್ಕೋ. ನಾನು ಅವರನ್ನ ನೋಡ್ತೀನಿ, ನೀನು ನನ್ನ ನೋಡು. ಒಂದೂ ಬಿಡದೆ ತೋರಿಸ್ತೀನಿ."

"ನಿನ್ನ ಮುಖ ಮನೇಲೇ ನೋಡ್ತಿದ್ನಲ್ಲಕ್ಕ."

"ಮನೇಲಿ ಅದಕ್ಕೆ ಸಂಬಳ ಕೊಡ್ತಾರಾ?"

ಶುರುವಾದಾಗ ಡ್ರಮ್ಮಿನ ಸದ್ದು ಅವನ ಬೆನ್ನುಮೂಳೆಗೇ ಬಡಿಯಿತು. ಅಕ್ಕ ಕೆನ್ನೆ ಉಬ್ಬಿಸಿದಳು: ಡ್ರಮ್ಮಿನವನು ದಪ್ಪಗಾಗಿದ್ದಾನೆ. ನೆತ್ತಿ ಸವರಿಕೊಂಡಳು: ಗಿಟಾರಿನವನ ಕೂದಲು ಹೋಗಿದೆ. ಅವನು ನಗು ತಡೆಯಲಾರದೆ ತುಟಿ ಕಚ್ಚಿದ.

ಆಮೇಲೆ ಇಬ್ಬರೂ ಕಾದಿದ್ದ ಹಾಡು ಬಂತು. ನಡುವೆ ಹಾಡುವ ದನಿ ನಿಂತುಹೋಯಿತು. ವಾದ್ಯಗಳು ಇದ್ದಲ್ಲೇ ಸುತ್ತತೊಡಗಿದವು. ಅಕ್ಕ ಏನನ್ನೂ ತೋರಿಸಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು, ಅವನ ಭುಜದಾಚೆ ನೋಡುತ್ತ ಅಳುತ್ತಿದ್ದಳು. ಅವಳ ಹಿಂದಿನ ಮುಖಗಳೂ ಹಾಗೇ ಇದ್ದವು. ಏನಾಯಿತು? ಹಾಡುವವನು ಬಿದ್ದನೇ? ಸತ್ತನೇ?

ಅವನು ತಿರುಗಿದ.

ಬಿಳಿ ಗಡ್ಡದ ಮುದುಕನೊಬ್ಬ ಮೈಕ್ ಹಿಡಿದು ನಿಂತಿದ್ದ. ಹಾಡಿನ ಸಾಲು ಮರೆತುಹೋಗಿತ್ತು. ಮನೆಯ ದಾರಿ ತಪ್ಪಿದವನ ಹಾಗೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ಆ ಸಾಲು ಇವನಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ಗಂಟಲು ಹರಿಯುವಂತೆ ಕೂಗಿದ. ಜನರೂ ಕೂಗಿದರು. ಮುದುಕ ನಕ್ಕ, ಹಾಡು ಮುಂದಕ್ಕೆ ಹೋಯಿತು. ಕೂಗುತ್ತ ಜನರೂ ಮುಂದಕ್ಕೆ ನುಗ್ಗಿದ್ದರು.

ಅವನು ಈ ಕಡೆ ತಿರುಗಿದಾಗ ಅಕ್ಕನ ಜಾಗದಲ್ಲಿ ಬೇರೆ ಯಾರೋ ಇದ್ದರು.

ಬೇಲಿಯ ಮೇಲೆ ಬಗ್ಗಿ, ಕಾಲುಗಳ ನಡುವೆ ತಡಕಾಡಿ, ಕಂಕುಳಿಗೆ ಕೈಕೊಟ್ಟು ಅವಳನ್ನು ಈಚೆಗೆ ಎಳೆದ. ಉಸಿರಿತ್ತು. ಬಲಗೈ ಬೇಲಿಯ ಸರಳಿಗೆ ಸಿಕ್ಕಿ ತಿರುಚಿಹೋಗಿತ್ತು. ಕತ್ತರಿ ಹಿಡಿಯುವ ಕೈ.

ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ನರ್ಸ್ ಅವಳ ಕಸುಬು ಕೇಳಿ ಪಟ್ಟಿ ಕಟ್ಟುತ್ತ, "ಮೂಳೆ ಮುರಿದ ಹಾಗಿದೆ. ಸದ್ಯಕ್ಕಂತೂ ಹೊಲಿಗೆ ಮೆಷಿನ್ನಿನ ಮಾತೇ ಬೇಡ" ಅಂದಳು. ಸೂಪರ್‌ವೈಸರ್ ಇಣುಕಿ ಅವನ ಬೆನ್ನು ತಟ್ಟಿದರು. "ಭೇಷ್ ಕಣೋ, ಸರಿಯಾದ ಟೈಮಿಗೆ ಎತ್ತಿದೆ."

ಆ ಬೆನ್ನನ್ನು ಎಲ್ಲಿಗೆ ಕೊಂಡೊಯ್ದು ಬಚ್ಚಿಡಬೇಕೋ ಅವನಿಗೆ ತಿಳಿಯಲಿಲ್ಲ.

ಅವರು ಹೋದ ಮೇಲೆ ಅಕ್ಕ ಪಿಸುಗುಟ್ಟಿದಳು. "ಅವನು ನಿಂತ್ಬಿಟ್ಟನಲ್ಲ, ಆಗ ತಿರುಗಿ ನೋಡಿದ್ಯೇನೋ? ಕಣ್ತುಂಬ ನೀರು, ಎದುರಿಗಿದ್ದ ನೀನೇ ಕಾಣ್ಲಿಲ್ಲ ನಂಗೆ."

ನೋಡಿದೆ ಅಂದರೆ ಆ ಕೈ ಹಾಗಾದದ್ದು ಯಾಕೆಂದೂ ಹೇಳಬೇಕಾಗುತ್ತಿತ್ತು.

"ಇಲ್ಲಕ್ಕ."

"ಅಯ್ಯೋ ಪಾಪಿ! ಅಷ್ಟು ಹತ್ತಿರ ನಿಂತೂ?" ಅವಳ ದನಿ ತನ್ನ ನೋವನ್ನೇ ಮರೆತಿತ್ತು. "ಬಾ, ಕೂತ್ಕೋ, ಹೇಳ್ತೀನಿ. ಗಡ್ಡ ಬಿಟ್ಟಿದಾನೆ ಕಣೋ ಈಗ..."

ಅವನು ಮಂಚದ ತುದಿಯಲ್ಲಿ ಕೂತ.

"ಹೌದಾ?" ಅಂದ. "ಕಪ್ಪಾ, ಬಿಳೀದಾ?"