ಇಸ್ತ್ರಿ ಅಕ್ಕ ಮೇಜು ಗೆದ್ದದ್ದು

ನಮ್ಮ ಬೀದಿಯ ಇಸ್ತ್ರಿ ಅಕ್ಕನಿಗೆ ಜನರ ಮುಖಕ್ಕಿಂತ ಅಂಗಿಯ ಪರಿಚಯ ಹೆಚ್ಚು. ಎದುರಿಗೆ ಸಿಕ್ಕವರ ಕಾಲರನ್ನು ಮೊದಲು ನೋಡಿ, ಆಮೇಲೆ "ಓಹೋ, ನೀವಾ" ಅನ್ನುತ್ತಾಳೆ. ಮೆಟ್ಟಿಲ ಕೆಳಗಿನ ಕಿರುಕೋಣೆ, ಕಂಬಳಿ ಹಾಸಿದ ಮೇಜು, ಕೈಗೆ ಭಾರವಾದ ಇಸ್ತ್ರಿಪೆಟ್ಟಿಗೆ, ಇಪ್ಪತ್ತಾರು ವರ್ಷದಿಂದ ಅವಳ ಸಂಸಾರ ಇಷ್ಟೇ. ಗಂಡನೂ ಇದ್ದಾನೆ. ಒಳ್ಳೆಯವನೇ, ಆದರೆ ಬಿಸಿಯಾಗುವುದು ಸ್ವಲ್ಪ ನಿಧಾನ ಎಂದು ಅವಳೇ ಹೇಳುತ್ತಾಳೆ.

ನನ್ನದು ಎದುರಿನ ಅಂಗಡಿ. ಅಲಂಕಾರದ ಸಾಮಾನು, ಮೇಣದಬತ್ತಿ, ಹೊದಿಕೆ ಕಾಗದ. ಕ್ರಿಸ್‌ಮಸ್ ತಿಂಗಳಲ್ಲಿ ನಾನು ಬಲು ಭಕ್ತ.

ಬೀದಿಯ ಕೊನೆಗೆ ಚರ್ಚು, ಅದಕ್ಕೆ ಅಂಟಿಕೊಂಡು ಸಭೆ ಸಮಾರಂಭದ ಒಂದು ಹಾಲು. ಹಬ್ಬದ ಮಧ್ಯಾಹ್ನ ಅಲ್ಲಿ ನಲವತ್ತು ಜನ ಒಂದೇ ಉದ್ದನೆಯ ಮೇಜಿಗೆ ಕೂತು ಊಟ ಮಾಡುತ್ತಾರೆ. ಮೇಜಿನ ಬಟ್ಟೆಗೆ ಇಸ್ತ್ರಿ ಹಾಕುವುದು ಅಕ್ಕ. ಹಿಂಬಾಗಿಲಿಂದ ಬಟ್ಟೆ ಕೊಟ್ಟು ಹಿಂಬಾಗಿಲಿಂದಲೇ ವಾಪಸ್. ಮೇಜು ಸಿಂಗರಿಸುವ ಗೌರವ ಮಾತ್ರ ಡಾಕ್ಟರ ಹೆಂಡತಿಯದು. ಅವರು ಎಲ್ಲವನ್ನೂ ನನ್ನ ಅಂಗಡಿಯಲ್ಲೇ ಕೊಳ್ಳುತ್ತಿದ್ದರು, ಆದ್ದರಿಂದ ಅವರ ಅಭಿರುಚಿಯನ್ನು ನಾನು ಬಾಯ್ತುಂಬ ಹೊಗಳುತ್ತಿದ್ದೆ.

ಈ ವರ್ಷ ಡಾಕ್ಟರಿಗೆ ವರ್ಗವಾಯಿತು. ಹಾಲಿನ ಉಸ್ತುವಾರಿ ನೋಡುವ ದೊಡ್ಡ ಟೀಚರು, ಮೇಜಿನ ಕೆಲಸವನ್ನು ಇನ್ನು ಕಾಂಟ್ರಾಕ್ಟಿನವರಿಗೇ ಕೊಟ್ಟುಬಿಡೋಣ ಅಂತ ನನ್ನ ಅಂಗಡಿಯಲ್ಲಿ ನಿಂತು ಹೇಳುತ್ತಿದ್ದಾಗ, ಬಟ್ಟೆಯ ಗಂಟು ಹೊತ್ತ ಅಕ್ಕ ಒಳಗೆ ಬಂದಳು.

"ಮೇಜು ನಾನು ಮಾಡ್ತೀನಿ ಟೀಚರ್. ಎಲ್ಲಾ ಮನೇಲೇ, ನನ್ನ ಕೈಯಲ್ಲೇ."

"ನೀನಾ?" ಟೀಚರು ಕನ್ನಡಕ ಸರಿ ಮಾಡಿಕೊಂಡರು. "ನೋಡಮ್ಮ, ಚೆನ್ನಾಗಾದ್ರೆ ಪ್ರತಿ ವರ್ಷ ಮೇಜು ನಿಂದೇ. ಕೆಟ್ಟರೆ ಕಾಂಟ್ರಾಕ್ಟು. ಆಮೇಲೆ ಅಳಬಾರದು."

"ಇಪ್ಪತ್ತಾರು ವರ್ಷ ಬೇರೆಯವರ ಸುಕ್ಕು ತೆಗೆದಿದೀನಿ. ಈ ಸಲ ನನ್ನ ಕೆಲಸ ನಾಲ್ಕು ಜನ ನೋಡಲಿ."

ನನಗೆ ಆದ ಹೊಟ್ಟೆಯುರಿಗೆ ಮದ್ದಿರಲಿಲ್ಲ. ಆದರೂ ನಗುತ್ತಲೇ, "ಒಳ್ಳೇದಾಗ್ಲಿ ಅಕ್ಕ" ಅಂದೆ. ವ್ಯಾಪಾರಿಯ ನಗುವಿಗೆ ಇಸ್ತ್ರಿ ಬೇಕಿಲ್ಲ.

ಮೂರು ವಾರ ಅವಳ ಕೋಣೆಯಲ್ಲಿ ಇದೇ ಕೆಲಸ. ಹಳೆಯ ಬಿಳಿ ಹೊದಿಕೆಗಳನ್ನು ಕತ್ತರಿಸಿ, ಗಟ್ಟಿ ಗಂಜಿಯಲ್ಲಿ ಅದ್ದಿ, ಇಸ್ತ್ರಿ ಒತ್ತಿ, ನೆರಿಗೆ ಮಡಿಸಿ ನಕ್ಷತ್ರ ಮಾಡಿದಳು. ತಟ್ಟೆಗೊಂದರಂತೆ ನಲವತ್ತು. ಒಂದೊಂದೂ ಗೇಣುದ್ದ, ಕಾಲೂರಿ ನೆಟ್ಟಗೆ ನಿಲ್ಲುವಂಥದ್ದು. ನಾನು ಒಂದನ್ನು ಬೆರಳಲ್ಲಿ ತಟ್ಟಿ ನೋಡಿದೆ, ಹಪ್ಪಳದ ಹಾಗೆ ಟಕ್ ಅಂದಿತು.

ಹಬ್ಬದ ಬೆಳಿಗ್ಗೆ ಒಂಬತ್ತಕ್ಕೆ ಅವು ಮೇಜಿನ ಮೇಲೆ ಸಾಲಾಗಿ ನಿಂತವು. ಹತ್ತೂವರೆಗೆ ಟೀಚರಿಂದ ನನಗೆ ಫೋನು. "ರೆಡಿಮೇಡ್ ಸೆಟ್ ತಗೊಂಡು ಓಡಿ ಬನ್ನಿ. ಅವಳ ನಕ್ಷತ್ರ ಎಲ್ಲಾ ಮಲಗಿಬಿಟ್ಟಿವೆ!"

ನಾನು ಓಡಿದೆ. ಇಂಥ ಓಟಕ್ಕೆ ಮಂಡಿನೋವು ಬರುವುದಿಲ್ಲ.

ಹಾಲಿನ ಪಕ್ಕದಲ್ಲೇ ಅಡುಗೆಮನೆ, ನಡುವೆ ಬಡಿಸುವ ಕಿಂಡಿ. ದೊಡ್ಡ ಪಾತ್ರೆಗಳು ಕುದಿದು ಕುದಿದು ಹಾಲಿನ ತುಂಬ ಹಬೆ. ಕಿಟಕಿಯ ಗಾಜೂ ಬೆವರುತ್ತಿತ್ತು. ಅಕ್ಕನ ಕೋಣೆಯಲ್ಲಿ ವರ್ಷವಿಡೀ ಬೆಂಕಿಯಂಥ ಒಣ ಬಿಸಿ, ಅಲ್ಲಿ ಹಸಿ ಕರವಸ್ತ್ರವೂ ಕ್ಷಣದಲ್ಲಿ ಕೋಲಾಗುತ್ತದೆ. ಗಂಜಿ ಹಬೆ ಕುಡಿದರೆ ಮೆತ್ತಗಾಗುವುದನ್ನು ಇಡೀ ಬೀದಿಗೆ ಹೇಳಿಕೊಡುವವಳು ಅವಳೇ. ತನ್ನ ನಕ್ಷತ್ರಗಳನ್ನು ಮಾತ್ರ ತನ್ನ ಕೋಣೆಯಲ್ಲೇ ಪರೀಕ್ಷೆ ಮಾಡಿ ಪಾಸು ಮಾಡಿದ್ದಳು.

ಅಡುಗೆಯ ಹೊಣೆ ಹೊತ್ತಿದ್ದ ಅವಳ ನಾದಿನಿ ಕಿಂಡಿಯಿಂದ ತಲೆ ಹೊರಹಾಕಿದಳು. "ಅತ್ತಿಗೆ, ನಕ್ಷತ್ರ ಮಾಡಿದ್ಯೋ, ಬೇಯಿಸಿದ ಸೊಪ್ಪು ಮಾಡಿದ್ಯೋ?"

"ನಿನ್ನ ಪಾತ್ರೆಗೆ ಮುಚ್ಚಳ ಇಲ್ವೇನೇ?"

"ಮುಚ್ಚಿದ್ರೆ ಉಕ್ಕುತ್ತೆ. ನಿನ್ನ ಗಂಡನ ಹಾಗೆ ನಿಧಾನ ಅಲ್ಲ ನನ್ನ ಒಲೆ!"

"ನನ್ನ ಗಂಡ ಅಂದ್ರೆ ನಿನ್ನಣ್ಣ ಕಣೇ. ನನಗೆ ಕಟ್ಟಿದ್ದು ನೀವೇ!"

ಬಾಯಿ ಜೋರಿದ್ದರೂ ಅಕ್ಕ ಮಲಗಿದ ನಕ್ಷತ್ರವೊಂದನ್ನು ಮತ್ತೆ ಮತ್ತೆ ಎತ್ತಿ ನಿಲ್ಲಿಸುತ್ತಿದ್ದಳು. ಟೀಚರು ಚರ್ಚಿಗೆ ಹೊರಟು ನಿಂತಿದ್ದರು. "ಹನ್ನೆರಡಕ್ಕೆ ಪ್ರಾರ್ಥನೆ ಮುಗಿಯುತ್ತೆ. ಅಷ್ಟರಲ್ಲಿ ಇವರ ಸೆಟ್ ಜೋಡಿಸಿಬಿಡಿ" ಅಂತ ಹೇಳಿ ಹೋದರು.

ನಾನು ಡಬ್ಬ ಬಿಚ್ಚಿದೆ. ಅಕ್ಕ ಒಳಗಿನ ಪ್ಲಾಸ್ಟಿಕ್ ಹೂವನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು, ಆಮೇಲೆ ಮೇಜಿನ ಬಟ್ಟೆಯ ಕೊನೇ ಸುಕ್ಕಿಗೆಂದು ತಂದಿಟ್ಟಿದ್ದ ಇಸ್ತ್ರಿಪೆಟ್ಟಿಗೆಯನ್ನು ನೋಡಿದಳು. ಅದರ ಪಕ್ಕ ಮೇಣದ ತುಂಡೊಂದಿತ್ತು. ಪೆಟ್ಟಿಗೆ ನುಣ್ಣಗೆ ಜಾರಲೆಂದು ಅದರ ತಳಕ್ಕೆ ಉಜ್ಜುವ ಮೇಣ.

"ಸಾಹುಕಾರ್ರೇ, ಈ ಡಬ್ಬ ಮುಚ್ಚಿ. ಅಂಗಡೀಲಿ ಬಿಳಿ ಮೇಣದಬತ್ತಿ ಎಷ್ಟಿದೆ?"

"ಬೇಕಾದಷ್ಟಿದೆ. ಯಾಕೆ?"

"ಎಲ್ಲಾ ತನ್ನಿ. ಹೊದಿಕೆ ಕಾಗದಾನೂ ತನ್ನಿ, ಅಚ್ಚಿಲ್ಲದ್ದು. ನೀರು ಕುಡಿಯೋ ಗಂಜಿ ಹೋಗ್ಲಿ. ಮೇಣ ನೀರು ಮುಟ್ಟಲ್ಲ."

ನಾನು ಎರಡನೇ ಸಲ ಓಡಿದೆ. ಈ ಸಲ ಮಂಡಿ ನೋಯಿತು.

ಅವಳು ಒಂದೊಂದೇ ನಕ್ಷತ್ರವನ್ನು ಬಿಚ್ಚಿ ಹರಡಿದಳು. ಮೇಲೆ ಮೇಣ ತುರಿದು ಉದುರಿಸಿ, ಕಾಗದ ಹೊದಿಸಿ, ಇಸ್ತ್ರಿ ಒತ್ತಿದಳು. ಮೇಣ ಕರಗಿ ನೂಲಿನೊಳಗೆ ಇಳಿಯಿತು. ಬಿಸಿ ಆರುವ ಮೊದಲೇ ಹಳೆಯ ಗೆರೆಗಳ ಮೇಲೆ ನೆರಿಗೆ ಹಿಡಿದು ಮಡಿಸಿ ನಿಲ್ಲಿಸಿದಳು. ಅದು ನಿಂತಿತು. ಕಿಂಡಿಯ ಹಬೆಗೆ ಹಿಡಿದಳು. ಆಗಲೂ ಬಗ್ಗಲಿಲ್ಲ.

"ಏನೇ ನೋಡ್ತಿದೀಯ? ಬಾ, ಮಡಿಸು!"

ನಾದಿನಿ ಸೌಟು ಬಿಟ್ಟು ಬಂದಳು. ನನಗೆ ಮೇಣ ತುರಿಯುವ ಕೆಲಸ. ಒಬ್ಬಳು ಒತ್ತುವುದು, ಒಬ್ಬಳು ಮಡಿಸುವುದು. ಮಧ್ಯೆ ಮಧ್ಯೆ ಬೈಗುಳ, ಅದಿಲ್ಲದೆ ಅವರಿಬ್ಬರ ಕೈ ಓಡುವುದಿಲ್ಲ. ನಲವತ್ತನೆಯದನ್ನು ನಿಲ್ಲಿಸುವಾಗ ಹನ್ನೆರಡರ ಗಂಟೆ ಬಡಿಯಿತು.

ಆಗ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಅಕ್ಕ ಕಿಟಕಿಯ ಬೆವರು ಒರೆಸಿದಳು, ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿತ್ತು. ಮೇಣ ಕುಡಿದ ಬಟ್ಟೆ ಬೆಳಕನ್ನು ಒಳಗೆ ಬಿಟ್ಟುಕೊಂಡಿತು. ಬೆಳಿಗ್ಗೆ ಬರೀ ಬಿಳುಪಾಗಿದ್ದ ನಕ್ಷತ್ರಗಳು ಈಗ ಒಳಗಿನಿಂದ ದೀಪ ಹಚ್ಚಿದಂತೆ ಉರಿದವು. ಒಂದೊಂದು ನೆರಿಗೆಯ ಗೆರೆಯೂ ಕಾಣುತ್ತಿತ್ತು. ನಾದಿನಿ ಬೈಯಲು ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು. ಅದನ್ನು ನಾನು ನೋಡಿದ್ದು ಅದೇ ಮೊದಲು.

ಬಾಗಿಲಲ್ಲಿ ಜನ ಗಕ್ಕನೆ ನಿಂತರು. ಹಿಂದಿದ್ದವರು ಮುಂದಿದ್ದವರನ್ನು ತಳ್ಳಿ ಒಳಬಂದು, ತಾವೂ ನಿಂತರು. ಟೀಚರು ನನ್ನ ಕಡೆ ತಿರುಗಿದರು. "ಪರವಾಗಿಲ್ಲವೇ! ಇಂಥ ಸೆಟ್ ಇಟ್ಕೊಂಡು ಇಷ್ಟು ವರ್ಷ ಯಾಕೆ ತೋರಿಸಲಿಲ್ಲ?"

ಹೌದು ಅನ್ನಲು ನಾಲಿಗೆ ತುದಿಗೆ ಬಂದಿತ್ತು. ಆದರೆ ಅಕ್ಕ ಇಸ್ತ್ರಿಪೆಟ್ಟಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು, ಅದಿನ್ನೂ ಬಿಸಿಯಿತ್ತು.

"ನನ್ನದಲ್ಲ ಟೀಚರ್, ನನ್ನ ಡಬ್ಬ ಇಲ್ಲೇ ಇದೆ. ಇದೆಲ್ಲಾ ಅಕ್ಕಂದೇ."

ಎಲ್ಲರೂ ಅವಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅಕ್ಕ ನಾಚಲಿಲ್ಲ. ಬರಬೇಕಾದ್ದು ಬಂತು ಅನ್ನುವ ಹಾಗೆ, ಬೆನ್ನು ನೆಟ್ಟಗೆ ಮಾಡಿ, ಅಷ್ಟನ್ನೂ ನಿಂತು ತಗೊಂಡಳು.

ಊಟ ಮುಗಿಯಿತು. ತಟ್ಟೆ ಎತ್ತಲು ಹೋದರೆ ಮೇಜಿನ ಮೇಲೆ ಒಂದೂ ನಕ್ಷತ್ರವಿಲ್ಲ! ಕೋಟಿನ ಜೇಬಲ್ಲಿ, ಸೆರಗಿನಡಿ, ಮಕ್ಕಳ ಟೋಪಿಯೊಳಗೆ, ಮಾನವಂತರೆಲ್ಲ ಕದ್ದುಕೊಂಡು ಹೊರಟಿದ್ದರು. ಮೂವತ್ತು ವರ್ಷ ವ್ಯಾಪಾರ ಮಾಡಿದ್ದೇನೆ, ನನ್ನ ಅಂಗಡಿಯ ಒಂದು ಪ್ಲಾಸ್ಟಿಕ್ ಹೂವನ್ನೂ ಯಾರೂ ಕದಿಯುವಷ್ಟು ಮೆಚ್ಚಿಲ್ಲ.

ಟೀಚರು ಕೈಚೀಲವನ್ನು ಎದೆಗೊತ್ತಿಕೊಂಡು ಅಕ್ಕನ ಬಳಿ ಬಂದರು. "ಮುಂದಿನ ವರ್ಷಾನೂ ಮೇಜು ನಿಂದೇ ಕಣಮ್ಮ. ಅದರ ಮುಂದಿನದೂ."

"ಆಗ್ಲಿ ಟೀಚರ್," ಅಕ್ಕ ಅಂದಳು. "ಚೀಲ ಅಷ್ಟು ಬಿಗಿಯಾಗಿ ಒತ್ತಬೇಡಿ. ಒಳಗಿರೋ ಎರಡಕ್ಕೂ ಸುಕ್ಕು ಬೀಳುತ್ತೆ."